ಹಾಲಿವುಡ್ಡೂ ಪರದೇಶವೇ ಅಲ್ಲವೇ?

ಓದುಗರ ಪ್ರಶ್ನೆ, ನಮ್ಮ ಉತ್ತರ: ಸಿನಿಮಾ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಕಾಸರಗೋಡು ಜಿಲ್ಲೆಯವು. ಸೊಲ್ಲಾಪುರ, ಹೊಸೂರು, ಮಡಕಶಿರಾ ಕಡೆಯಿಂದ ಒಂದೊಂದು ಬಂದಿವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟು ಮಾಡಿದ್ದೇವೆ.

ಪ್ರ: ನಮ್ಮ ಗೆಳೆಯರಲ್ಲಿ ಎರಡು ಪಕ್ಷ ಆಗಿದೆ. ಒಂದು ಹಾಲಿವುಡ್ ಪಕ್ಷ, ಇನ್ನೊಂದು ಇರಾನ್, ಜಪಾನ್, ಕೊರಿಯಾ ಪಕ್ಷ. ‘ವಿದೇಶಿ ಸಿನಿಮಾದ ಎದುರು ಹಾಲಿವುಡ್ ಎಂತದ್ದೂ ಅಲ್ಲ’ ಅಂತ ಇವರು, ‘ಅದೆಲ್ಲ ಪ್ರಶಸ್ತಿಗೆ ಮಾಡುವ ಸಿನಿಮಾ’ ಅಂತ ಅವರು. ಯಾರು ಸರಿ? (ಕುಂಬಳೆ)

ಉ: ಮೊದಲು ಆ ‘ವಿದೇಶಿ’ ಶಬ್ದವನ್ನೇ ಸ್ವಲ್ಪ ತಡೆದು ನಿಲ್ಲಿಸಿ. ಇಂಗ್ಲಿಷ್ ಅಲ್ಲದ್ದೆಲ್ಲ ವಿದೇಶಿ ಎಂಬುದು ಅಮೆರಿಕದವರು ತಮ್ಮ ಜಗಲಿಯಲ್ಲಿ ಕೂತು ಹಾಕಿದ ಲೆಕ್ಕ. ಕುಂಬಳೆಯ ಕಡಲತಡಿಯಿಂದ ನೋಡಿದರೆ ಟೆಹರಾನೂ ಲಾಸ್ ಏಂಜಲೀಸೂ ಎರಡೂ ನೀರಿನ ಆಚೆಯೇ, ಟೆಹರಾನೇ ಹತ್ತಿರ. ಆಸ್ಕರ್‌ನವರೂ ‘ವಿದೇಶಿ ಭಾಷೆಯ ಚಿತ್ರ’ ಎಂಬ ವಿಭಾಗದ ಹೆಸರನ್ನು 2019ರಲ್ಲಿ ಬಿಟ್ಟು ‘ಅಂತರರಾಷ್ಟ್ರೀಯ ಚಿತ್ರ’ ಎಂದು ಮಾಡಿಕೊಂಡರು. ಹೆಸರು ಬದಲಾಯಿತು, ನಿಯಮ ಉಳಿಯಿತು: ಸಂಭಾಷಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇಂಗ್ಲಿಷೇತರ ಭಾಷೆಯಲ್ಲಿರಬೇಕು. ಅದೇ ವರ್ಷ ನೈಜೀರಿಯಾ ಕಳಿಸಿದ ‘ಲಯನ್‌ಹಾರ್ಟ್’ ಈ ನಿಯಮದಿಂದಲೇ ಹೊರಬಿತ್ತು. ಆ ದೇಶದ ಆಡಳಿತ ಭಾಷೆಯೇ ಇಂಗ್ಲಿಷ್, ಮಾಡುವುದೇನು? ಗಡಿಯ ಗೆರೆ ಒಂದು ಕಡೆ, ಆಡುವ ಮಾತು ಇನ್ನೊಂದು ಕಡೆ ಇರುತ್ತದೆ ಎಂಬುದನ್ನು ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ಈ ಎರಡು ಪಕ್ಷಗಳ ನಡುವೆ ಕೊಡುಕೊಳ್ಳುವಿಕೆ ಎಷ್ಟಿದೆ ನೋಡಿ. ಜಪಾನಿನ ನಿರ್ದೇಶಕ ಕುರೊಸಾವನಿಗೆ ಅಮೆರಿಕದ ಜಾನ್ ಫೋರ್ಡನ ಕುದುರೆ ಸವಾರರ ಸಿನಿಮಾಗಳೆಂದರೆ ಪ್ರಾಣ. ಅವನ ‘ಸೆವೆನ್ ಸಮುರಾಯ್’ (1954) ಅಮೆರಿಕದಲ್ಲಿ 1960ಕ್ಕೆ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ ಆಯಿತು. ಅವನ ‘ಯೊಜಿಂಬೊ’ (1961) 1964ರಲ್ಲಿ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ಆಗಿ ಬಂತು: ಕತೆ ಜಪಾನಿನದು, ನಿರ್ದೇಶಕ ಇಟಲಿಯವ, ಚಿತ್ರೀಕರಣ ಸ್ಪೇನಿನಲ್ಲಿ, ನಾಯಕ ಅಮೆರಿಕದವ. ಅದನ್ನು ನಿಮ್ಮ ಯಾವ ಪಕ್ಷಕ್ಕೆ ಸೇರಿಸುತ್ತೀರಿ? ಇಟಲಿಯ ನಿರ್ದೇಶಕ ಡಿ ಸಿಕಾನ ‘ಬೈಸಿಕಲ್ ಥೀವ್ಸ್’ (1948) ಸಿನಿಮಾದಲ್ಲಿ ನಾಯಕನ ಸೈಕಲ್ ಕಳವಾಗುವಾಗ ಅವನು ಗೋಡೆಗೆ ಹಚ್ಚುತ್ತಿರುವುದು ರೀಟಾ ಹೇವರ್ತ್‌ಳ ‘ಗಿಲ್ಡಾ’ ಚಿತ್ರದ ಪೋಸ್ಟರ್. ಹಾಲಿವುಡ್ಡಿನ ನಿರ್ಮಾಪಕ ಸೆಲ್ಜ್‌ನಿಕ್ ಅದೇ ಪಾತ್ರಕ್ಕೆ ಕ್ಯಾರಿ ಗ್ರಾಂಟ್ ಆದರೆ ದುಡ್ಡು ಹಾಕುತ್ತೇನೆ ಎಂದಿದ್ದ. ಡಿ ಸಿಕಾ ಕೊನೆಗೆ ಲ್ಯಾಂಬರ್ಟೊ ಮಜೊರಾನಿ ಎಂಬ ಕಾರ್ಖಾನೆ ಕೆಲಸಗಾರನನ್ನು ಹಾಕಿಕೊಂಡ.

ಹಾಗಾದರೆ ವ್ಯತ್ಯಾಸವೇ ಇಲ್ಲವೆ ಅಂದರೆ, ಇದೆ. ಕಥೆಯ ಎಲುಬಿನಲ್ಲಿ ಇಲ್ಲ, ಯಾವುದನ್ನು ಕತ್ತರಿಸಿ ಎಸೆಯುತ್ತಾರೆ ಎಂಬುದರಲ್ಲಿದೆ. ಇರಾನಿನ ನಿರ್ದೇಶಕ ಕಿಯಾರೊಸ್ತಮಿಯ ‘ವೇರ್ ಈಸ್ ದ ಫ್ರೆಂಡ್ಸ್ ಹೌಸ್?’ (1987) ತೆಗೆದುಕೊಳ್ಳಿ. ಹುಡುಗನೊಬ್ಬ ಸಹಪಾಠಿಯ ನೋಟ್‌ಬುಕ್ಕನ್ನು ತಪ್ಪಿ ಮನೆಗೆ ತಂದಿದ್ದಾನೆ, ಬೆಳಗಾಗುವುದರೊಳಗೆ ಮುಟ್ಟಿಸದಿದ್ದರೆ ಆ ಸಹಪಾಠಿಯನ್ನು ಶಾಲೆಯಿಂದ ಹೊರಗೆ ಹಾಕುತ್ತಾರೆ. ಗುರಿ ಇದೆ, ಅಡ್ಡಿ ಇದೆ, ಗಡುವೂ ಇದೆ. ಇದು ಹಾಲಿವುಡ್ ಚಿತ್ರಕಥೆಯ ಪಾಠದ ಪ್ರಕಾರವೇ ಇದೆ! ಆದರೆ ಹಾಲಿವುಡ್ ಆಗಿದ್ದರೆ ಹುಡುಗ ಗುಡ್ಡ ಹತ್ತುವುದನ್ನು ಎರಡು ಸೆಕೆಂಡು ತೋರಿಸಿ ಪಕ್ಕದ ಊರಿಗೆ ಹಾರುತ್ತಿದ್ದರು. ಇಲ್ಲಿ ಅವನು ಓಡಿದಷ್ಟೂ ನಾವು ನೋಡಬೇಕು, ಹಿರಿಯರು ಅವನ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಮತ್ತೆ ಮತ್ತೆ ಅದನ್ನೇ ಕೇಳುವುದನ್ನೂ ಸಹಿಸಬೇಕು. ಕತ್ತರಿಸಿದ್ದರೆ ಕತೆ ಉಳಿಯುತ್ತಿತ್ತು, ಹುಡುಗನ ದಣಿವು ಹೋಗುತ್ತಿತ್ತು.

ಪಕ್ಷ ಕಟ್ಟುವ ಮೊದಲು ಒಂದು ಸಂಜೆ ಇದನ್ನೂ ಸಿಡ್ನಿ ಲುಮೆಟ್‌ನ ‘12 ಆ್ಯಂಗ್ರಿ ಮೆನ್’ (1957) ಚಿತ್ರವನ್ನೂ ಬೆನ್ನುಬೆನ್ನಿಗೆ ನೋಡಿ. ಒಂದು 83 ನಿಮಿಷ, ಇನ್ನೊಂದು 96. ಎರಡೂ ಸೇರಿ ಮೂರು ಗಂಟೆಗೆ ಒಂದು ನಿಮಿಷ ಕಮ್ಮಿ. ಎರಡರಲ್ಲೂ ಸುತ್ತಲಿನವರೆಲ್ಲ ಬೇಡವೆಂದರೂ ಹಠ ಬಿಡದ ಒಬ್ಬನಿದ್ದಾನೆ. ಲುಮೆಟ್ ಬಹುಪಾಲು ಒಂದೇ ಕೋಣೆಯಲ್ಲಿ ಕೆಲಸ ಮಾಡಿದ: ಮೊದಲ ಮೂರನೇ ಒಂದು ಭಾಗದಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲೆ, ನಡುಭಾಗದಲ್ಲಿ ಕಣ್ಣಿನ ಮಟ್ಟದಲ್ಲಿ, ಕೊನೆಗೆ ಕೆಳಗೆ. ಜೊತೆಗೆ ಲೆನ್ಸನ್ನು ಹಂತಹಂತವಾಗಿ ಉದ್ದ ಮಾಡುತ್ತ ಹೋದ. ಹಾಗಾಗಿ ಗೋಡೆಗಳು ಒತ್ತಿಕೊಂಡು ಬರುತ್ತವೆ, ಕೊನೆಕೊನೆಗೆ ತಲೆಯ ಮೇಲಿನ ಮಾಡೂ ಕಾಣಿಸಿಕೊಳ್ಳುತ್ತದೆ. ಅಂದಹಾಗೆ ಈ ‘ಹಾಲಿವುಡ್’ ಸಿನಿಮಾ ತಯಾರಾದದ್ದು ನ್ಯೂಯಾರ್ಕಿನಲ್ಲಿ.

ಪ್ರ: ನಿಧಾನದ ಸಿನಿಮಾ ನೋಡುವಾಗ ನಿದ್ದೆ ಬರುತ್ತದೆ. ತಪ್ಪು ನನ್ನದೋ ಸಿನಿಮಾದ್ದೋ? (ಬದಿಯಡ್ಕ)

ಉ: ಇಡೀ ರಾತ್ರಿ ತಾಳಮದ್ದಳೆಯಲ್ಲಿ ಒಂದೇ ಪದ್ಯಕ್ಕೆ ಅರ್ಧ ಗಂಟೆ ಅರ್ಥ ಕೇಳಿ ಕೂರುವ ಊರಿನವರು ಈ ಪ್ರಶ್ನೆ ಕೇಳಬಾರದು ಮಾರಾಯ್ರೆ! ತಮಾಷೆ ಬಿಡಿ. ‘ನಿಧಾನ’ ಎಂಬುದನ್ನು ಅಳೆಯಬಹುದು. ಸಿನಿಮಾದ ನಡುವಿನ ಯಾವುದಾದರೂ 10 ನಿಮಿಷ ತೆಗೆದುಕೊಂಡು, ದೃಶ್ಯ ಕತ್ತರಿಸಿದಾಗಲೆಲ್ಲ ಕಾಗದದ ಮೇಲೆ ಒಂದು ಗೀಟು ಎಳೆಯಿರಿ. 600 ಸೆಕೆಂಡನ್ನು ಆ ಗೀಟುಗಳಿಂದ ಭಾಗಿಸಿದರೆ ಒಂದು ಶಾಟಿನ ಸರಾಸರಿ ಉದ್ದ ಸಿಗುತ್ತದೆ. 150 ಗೀಟಾದರೆ 4 ಸೆಕೆಂಡು, 40 ಆದರೆ 15. ಎರಡು ಮೂರು ಸಿನಿಮಾಕ್ಕೆ ಹೀಗೆ ಮಾಡಿದರೆ ಒಂದು ವಿಷಯ ಹೊಳೆಯುತ್ತದೆ. ಬೇಸರ ತರಿಸಿದ್ದು ಯಾವಾಗಲೂ ಉದ್ದ ಶಾಟಿನದ್ದಲ್ಲ. ಶಾಟಿನೊಳಗೆ ಎಲ್ಲಿ ನೋಡಬೇಕೆಂದು ಗೊತ್ತಾಗದಿದ್ದರೆ ನಿದ್ದೆ ಬರುತ್ತದೆ. ಚಿಕ್ಕದರಿಂದ ಶುರು ಮಾಡಿ, ರಷ್ಯಾದ ನಿರ್ದೇಶಕ ತಾರ್ಕೊವ್‌ಸ್ಕಿಯ ‘ಸ್ಟಾಕರ್’ ಆಮೇಲೆ ಆಯಿತು. ರಾತ್ರಿ ಊಟ ಮಾಡಿ ಹತ್ತು ಗಂಟೆಗೆ ಹಾಕಿಕೊಂಡರೆ ಮಾತ್ರ ತಪ್ಪು ನಿಮ್ಮದೇ.

ಪ್ರ: ಒಳ್ಳೆಯ ನಟನೆ ಅಂತ ಹೇಗೆ ತೀರ್ಮಾನಿಸುವುದು? ನಮ್ಮ ಕಡೆ ಅತ್ತವರಿಗೇ ಮಾರ್ಕು. (ಹೊಸೂರು)

ಉ: ಮೊದಲು ಸಂಕಲನಕಾರನ ಪಾಲನ್ನು ಕಳೆಯಿರಿ. ರಷ್ಯಾದ ಕುಲೆಶೊವ್ 1920ರ ಸುಮಾರಿಗೆ ತೋರಿಸಿಕೊಟ್ಟದ್ದು ಇದನ್ನೇ: ನಟನ ಒಂದೇ ಭಾವಹೀನ ಮುಖದ ಪಕ್ಕ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ ಇಟ್ಟರೆ ಜನ ಹಸಿವನ್ನೂ ದುಃಖವನ್ನೂ ತಾವೇ ಆ ಮುಖದಲ್ಲಿ ಓದುತ್ತಾರೆ. ಆದ್ದರಿಂದ ಹತ್ತಿರದ ಮುಖವನ್ನು ಬಿಟ್ಟು, ಇಬ್ಬರು ಮೂವರು ಒಟ್ಟಿಗೆ ಇರುವ, ಕತ್ತರಿ ಬೀಳದ ಶಾಟನ್ನು ಆರಿಸಿ. ಸದ್ದು ನಿಲ್ಲಿಸಿ. ಮಾತಾಡುತ್ತಿರುವವನನ್ನು ಬಿಟ್ಟು ಕೇಳಿಸಿಕೊಳ್ಳುತ್ತಿರುವವನನ್ನು ನೋಡಿ. ತನ್ನ ಸರದಿಗೆ ಕಾಯುತ್ತಿದ್ದಾನೋ, ನಿಜವಾಗಿ ಕೇಳುತ್ತಿದ್ದಾನೋ ಅನ್ನುವುದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಮತ್ತೆ ಕೈಗಳನ್ನು ನೋಡಿ. ‘ಆನ್ ದ ವಾಟರ್‌ಫ್ರಂಟ್’ (1954) ಚಿತ್ರದಲ್ಲಿ ಹುಡುಗಿಯ ಕೈಗವಸು ಕೆಳಗೆ ಬೀಳುತ್ತದೆ. ನಾಯಕ ನಟ ಬ್ರಾಂಡೊ ಅದನ್ನು ಎತ್ತಿ ಧೂಳು ಕೊಡವಿ ಹಿಂದೆ ಕೊಡದೆ, ಮಾತಾಡುತ್ತ ತನ್ನ ಕೈಗೇ ಹಾಕಿಕೊಳ್ಳುತ್ತಾನೆ. ಅವಳು ಹೊರಟುಹೋಗದಂತೆ ತಡೆದದ್ದು ಮಾತಲ್ಲ, ಆ ಕೈಗವಸು.

ವಯಸ್ಸಿನ ನಟನೆಗೆ ಓಜು ನಿರ್ದೇಶನದ ‘ಟೋಕಿಯೊ ಸ್ಟೋರಿ’ (1953) ನೋಡಬೇಕು. ಎಪ್ಪತ್ತರ ಹತ್ತಿರದ ಮುದುಕನಾಗಿ ಕಾಣುವ ಚಿಶು ರ್ಯುಗೆ ಆಗ 49 ವರ್ಷ. ಮಗನ ಪಾತ್ರಧಾರಿಗೂ ಅವನಿಗೂ ಹತ್ತು ವರ್ಷದ ಅಂತರವೂ ಇಲ್ಲ. ಕೆಮ್ಮು, ನಡುಗುವ ಕೈ ಯಾವುದೂ ಇಲ್ಲ. ಏಳುವಾಗ, ಕೂರುವಾಗ ತೆಗೆದುಕೊಳ್ಳುವ ಹೊತ್ತಿನಲ್ಲೇ ವಯಸ್ಸಿದೆ. ನಮ್ಮಲ್ಲೇ ಬೇಕಾದರೆ ‘ಚೋಮನ ದುಡಿ’ (1975) ಚಿತ್ರದ ಎಂ. ವಿ. ವಾಸುದೇವ ರಾವ್, ‘ತಬರನ ಕಥೆ’ಯ (1986) ಚಾರುಹಾಸನ್ ಇದ್ದಾರೆ. ಇಬ್ಬರಿಗೂ ರಾಷ್ಟ್ರಪ್ರಶಸ್ತಿ ಬಂತು. ಚಾರುಹಾಸನ್ ತಮಿಳಿನವರು ಎಂಬುದು ಹೊಸೂರಿನವರಿಗೆ ಹೆಚ್ಚುವರಿ ಸಂತೋಷ.

ಪ್ರ: ಜಗತ್ತಿನ ಸಿನಿಮಾಗಳಿಗೆ ಕನ್ನಡ ಸಬ್‌ಟೈಟಲ್ ನಾವೇ ಮಾಡಬೇಕೆಂದಿದ್ದೇವೆ. ಒಮ್ಮೆ ಪ್ರಯತ್ನಿಸಿದಾಗ ತೆರೆಯಲ್ಲಿ ಬರೀ ಚೌಕ ಮತ್ತು ಪ್ರಶ್ನೆ ಚಿಹ್ನೆ ಬಂತು. (ಮಂಜೇಶ್ವರ)

ಉ: ಚೌಕ ಬಂದರೆ ಅಕ್ಷರಶೈಲಿ ಸಿಕ್ಕಿಲ್ಲ, ಪ್ರಶ್ನೆ ಚಿಹ್ನೆ ಬಂದರೆ ಫೈಲನ್ನು ಉಳಿಸಿದ ರೀತಿ ತಪ್ಪು. ‘ಸೇವ್ ಆ್ಯಸ್’ ಮಾಡುವಾಗ ಯುಟಿಎಫ್-8 ಆರಿಸಬೇಕು. ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಯುನಿಕೋಡ್ ಅಲ್ಲದ ಅಕ್ಷರದಲ್ಲಿ ಬೆರಳಚ್ಚು ಮಾಡಿದ್ದರೆ ಕಲಸುಮೇಲೋಗರವಾಗಿ ಕಾಣುತ್ತದೆ. ಮೊದಲು ಯುನಿಕೋಡಿಗೆ ಪರಿವರ್ತಿಸಿ. ಇನ್ನೊಂದು ನಮ್ಮವರಿಗೇ ಆಗುವ ತೊಂದರೆ: ಕನ್ನಡ ಕೀಲಿಮಣೆ ಇಟ್ಟುಕೊಂಡೇ ಸಮಯದ ಸಾಲು ತಿದ್ದಿದರೆ ಅಂಕಿಗಳು ೦೧, ೧೨ ಎಂದು ಬೀಳುತ್ತವೆ, ಪ್ಲೇಯರಿಗೆ ಅದು ಓದಲಾಗದು. ಸಾಲು 00:01:12,500 --> 00:01:15,000 ಹೀಗೇ ಇರಬೇಕು. ಸೆಕೆಂಡಿನ ಆಮೇಲೆ ಅಲ್ಪವಿರಾಮ, ಚುಕ್ಕಿ ಅಲ್ಲ. ಪ್ರತಿ ತುಣುಕಿನ ಬಳಿಕ ಒಂದು ಖಾಲಿ ಸಾಲು.

ಅಕ್ಷರಶೈಲಿಗೆ ನೋಟೊ ಸಾನ್ಸ್ ಕನ್ನಡ ಸಾಕು, ಸ್ವಲ್ಪ ದಪ್ಪದ್ದೇ ಇರಲಿ. ಸಿನಿಮಾ ಹಾಕುವ ಮೊದಲು ‘ಸ್ತ್ರೀ’, ‘ಲಕ್ಷ್ಮಿ’, ‘ಸೂರ್ಯ’ ಈ ಮೂರು ಪದ ಬರೆದು ಪರೀಕ್ಷಿಸಿ. ಒತ್ತಕ್ಷರ ಒಡೆದು ಬಿಡಿಬಿಡಿಯಾಗಿ ಕಂಡರೆ ಪ್ಲೇಯರ್ ಹಳೆಯದು, ಹೊಸ ಆವೃತ್ತಿ ಹಾಕಿ. ಒಡೆಯದೆ ಕಂಡರೂ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸು, ಏತ್ವಕ್ಕೆ ತಾಗುವುದುಂಟು. ಸಾಲುಗಳ ನಡುವಿನ ಅಂತರ ಹೆಚ್ಚಿಸಲಾಗದಿದ್ದರೆ ಒಂದೇ ಸಾಲಿನಲ್ಲಿ ಮುಗಿಸಿ. ತೆರೆಯ ಕೆಳ ಅಂಚಿನಿಂದಲೂ ಒಂದಿಷ್ಟು ಮೇಲಕ್ಕೆ ಎತ್ತಿ, ಇಲ್ಲವಾದರೆ ‘ಕ್ರ’ದ ಒತ್ತು ಪರದೆಯ ಹೊರಗೆ ಹೋಗುತ್ತದೆ. ಹಳೆಯ ಕಪ್ಪು ಬಿಳುಪು ಚಿತ್ರಗಳಲ್ಲಿ ಬಿಳಿ ಅಂಗಿ, ಬಿಳಿ ಗೋಡೆಯ ಮೇಲೆ ಬಿಳಿ ಅಕ್ಷರ ಮಾಯವಾಗುತ್ತದೆ. ತೆಳು ಹಳದಿ, ಸುತ್ತ ಕಪ್ಪು ಅಂಚು ಕೊಡಿ.

ಉದ್ದದ ಲೆಕ್ಕದಲ್ಲಿ ಸಾಫ್ಟ್‌ವೇರನ್ನು ನಂಬಬೇಡಿ. ಇಂಗ್ಲಿಷಿಗೆ ಸಾಲಿಗೆ 42 ಅಕ್ಷರ ಎಂಬ ರೂಢಿ ಇದೆ. ಕನ್ನಡದಲ್ಲಿ ‘ಸ್ತ್ರೀ’ ಕಣ್ಣಿಗೆ ಒಂದು ಅಕ್ಷರ, ಕಂಪ್ಯೂಟರಿಗೆ ಆರು. ಸುಮ್ಮಸುಮ್ಮನೆ ಕೆಂಪು ತೋರಿಸುತ್ತದೆ. ನಾವು ಹೇಳುವುದಾದರೆ ಸಾಲಿಗೆ 20–24 ಅಕ್ಷರ, ಹೆಚ್ಚೆಂದರೆ ಎರಡು ಸಾಲು. ಸೆಕೆಂಡಿಗೆ 7–8 ಅಕ್ಷರ ಓದುತ್ತಾರೆಂದು ಇಟ್ಟುಕೊಳ್ಳಿ. ಒಂದು ಸೆಕೆಂಡಿಗಿಂತ ಕಮ್ಮಿ ಹೊತ್ತು ಯಾವುದನ್ನೂ ತೋರಿಸಬೇಡಿ, ಆರೇಳು ಸೆಕೆಂಡು ಮೀರಿದರೆ ಜನ ಎರಡನೇ ಸಲ ಓದಲು ಶುರು ಮಾಡುತ್ತಾರೆ. ಹಾಗಾಗಿ ಎಲ್ಲ ಮಾತೂ ಬರಬೇಕೆಂಬ ಆಸೆ ಬಿಡಬೇಕು. ‘ಹೌದು’, ‘ಇಲ್ಲ’, ಕೂಗಿ ಕರೆದ ಹೆಸರು ಕಿವಿಗೇ ಕೇಳುತ್ತದೆ, ಬರೆಯುವುದು ಬೇಡ.

ನಿಜವಾದ ಕಷ್ಟ ಅನುವಾದದ್ದು. ಇಂಗ್ಲಿಷ್ ಸಬ್‌ಟೈಟಲನ್ನು ಮಧ್ಯೆ ಇಟ್ಟುಕೊಂಡೇ ನೀವು ಕೆಲಸ ಮಾಡುತ್ತೀರಿ. ಅಲ್ಲಿ ಗೌರವವೆಲ್ಲ ಸಪಾಟಾಗಿರುತ್ತದೆ. ಜಪಾನೀ, ಕೊರಿಯನ್ ಮಾತಿನಲ್ಲಿ ‘ನೀನು’, ‘ನೀವು’ ಭೇದಕ್ಕಿಂತಲೂ ಸೂಕ್ಷ್ಮ ಮೆಟ್ಟಿಲುಗಳಿವೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಪದ. ಆದ್ದರಿಂದ ಮೊದಲು ಸಿನಿಮಾ ಪೂರ್ತಿ ನೋಡಿ, ಯಾರು ಯಾರಿಗೆ ಏನೆನ್ನಬೇಕು ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಸೊಸೆ ಮಾವನಿಗೆ ಒಂದು ದೃಶ್ಯದಲ್ಲಿ ‘ಬನ್ನಿ’, ಇನ್ನೊಂದರಲ್ಲಿ ‘ಬಾ’ ಅನ್ನುತ್ತಾಳೆ. ಕೊರಿಯನ್ನಿನಲ್ಲಿ ತಮ್ಮನಾದವನು ಅಣ್ಣನಿಗೆ ‘ಹ್ಯೊಂಗ್’, ಅಕ್ಕನಿಗೆ ‘ನೂನಾ’ ಎನ್ನುತ್ತಾನೆ, ತಂಗಿ ಅಣ್ಣನಿಗೆ ‘ಒಪ್ಪಾ’ ಎನ್ನುತ್ತಾಳೆ. ಇಂಗ್ಲಿಷಿನವರು ಅಲ್ಲಿ ಹೆಸರು ಹಾಕುತ್ತಾರೆ. ನಮಗೆ ಅಣ್ಣ, ಅಕ್ಕ ಇದ್ದೇ ಇದೆ. ಎಚ್ಚರಿಕೆ ಒಂದೇ: ಹುಡುಗಿ ಪ್ರಿಯಕರನಿಗೂ ‘ಒಪ್ಪಾ’ ಎನ್ನುವುದುಂಟು. ಅಲ್ಲಿ ‘ಅಣ್ಣ’ ಹಾಕಿದರೆ ಸಭೆಯಲ್ಲಿ ನಗು ನಿಲ್ಲಿಸಲಾಗದು.

ಕನ್ನಡದ ಕ್ರಿಯಾಪದ ಲಿಂಗದ ಗುಟ್ಟು ಬಿಟ್ಟುಕೊಡುತ್ತದೆ ಎಂಬುದನ್ನೂ ಮರೆಯಬೇಡಿ. ಪತ್ತೇದಾರಿ ಕತೆಯಲ್ಲಿ ‘ಕೊಂದವನು’ ಎಂದು ಬರೆದರೆ ಅರ್ಧ ಗುಟ್ಟು ಹೋಯಿತು. ‘ಯಾರೋ ಬಂದಿದ್ದರು’ ಎಂಬ ಬಹುವಚನ ಅಲ್ಲಿ ಕಾಪಾಡುತ್ತದೆ. ಇನ್ನು ವಾಕ್ಯದ ಕ್ರಮ. ನಟ ‘ನಿಮ್ಮಪ್ಪನಿಗೆ ಹೇಳಿದ್ದೇನೆ’ ಎಂದು ನಿಲ್ಲುತ್ತಾನೆ, ಎದುರಿನವಳ ಮುಖ ತೋರಿಸುತ್ತಾರೆ, ಆಮೇಲೆ ‘ಮನೆ ಮಾರುವ ವಿಚಾರ’ ಹೊರಬರುತ್ತದೆ. ಗ್ರಾಂಥಿಕ ಕನ್ನಡದಲ್ಲಿ ‘ಮನೆ ಮಾರುತ್ತೇನೆಂದು ನಿಮ್ಮ ತಂದೆಗೆ ಹೇಳಿದ್ದೇನೆ’ ಎಂದು ಬರೆದರೆ ಮುಖ ಕಾಣುವ ಮೊದಲೇ ಸುದ್ದಿ ಗೊತ್ತಾಗುತ್ತದೆ. ಆಡುಮಾತಿನಲ್ಲಿ ನಾವು ಹಾಗೆ ಹೇಳುವುದಿಲ್ಲವಲ್ಲ: ‘ನಿಮ್ಮಪ್ಪನಿಗೆ ಹೇಳಿದ್ದೇನೆ’, ಮುಂದಿನ ತುಣುಕಿನಲ್ಲಿ ‘ಮನೆ ಮಾರ್ತೇನೆ ಅಂತ.’ ಶಾಟಿನ ಲಯವೂ ಉಳಿಯಿತು, ಕನ್ನಡವೂ ಉಳಿಯಿತು.

ಪ್ರ: ಆಡುಮಾತು ಅಂತೀರಿ, ಯಾರ ಆಡುಮಾತು? ನಮ್ಮ ಕಡೀ ಕನ್ನಡ ಬ್ಯಾರೆ, ಮಂಗಳೂರು ಕಡೀದು ಬ್ಯಾರೆ. ಅದಕ್ಕಿಂತ ಡಬ್ಬಿಂಗ್ ಮಾಡೋದೇ ಛಲೋ ಅಲ್ಲೇನ್ರಿ? (ಸೊಲ್ಲಾಪುರ)

ಉ: ಡಬ್ಬಿಂಗಿಗೂ ಅದೇ ಪ್ರಶ್ನೆ ಬರುತ್ತದೆ, ಇನ್ನೂ ಜೋರಾಗಿ, ಓದುವಾಗ ನಿಮ್ಮದೇ ಧಾಟಿಯಲ್ಲಿ ಓದಿಕೊಳ್ಳಬಹುದು, ಕೇಳುವಾಗ ಆಗದು. ‘ಎಂತ ಮಾಡ್ತಿ’ ಎಂದೂ ಬೇಡ, ‘ಏನ್ ಮಾಡಾಕತ್ತಿ’ ಎಂದೂ ಬೇಡ. ‘ಏನು ಮಾಡ್ತಿದ್ದಿ’ ಎಂದರೆ ಎರಡೂ ಕಡೆಯವರಿಗೆ ತಮ್ಮದೆನಿಸುತ್ತದೆ. ಸಿನಿಮಾದೊಳಗೇ ಎರಡು ಪ್ರದೇಶದ ಮಾತು ತಿಕ್ಕಾಡುತ್ತಿದ್ದರೆ ಮಾತ್ರ ಒಬ್ಬನ ಬಾಯಲ್ಲಿ ಸೊಲ್ಲಾಪುರದ ಕನ್ನಡ ಇಡಿ, ಆಗ ಅದಕ್ಕೆ ಅರ್ಥವಿದೆ.

ಡಬ್ಬಿಂಗ್ ಪಾಪವೇನಲ್ಲ. ಕರ್ನಾಟಕದಲ್ಲಿ ದಶಕಗಳ ಕಾಲ ಅದಕ್ಕಿದ್ದ ಅಘೋಷಿತ ತಡೆ 2015ರ ಸ್ಪರ್ಧಾ ಆಯೋಗದ ಆದೇಶದ ಬಳಿಕ ಸಡಿಲವಾಯಿತು. ಓದಲು ಬಾರದ ಮಕ್ಕಳಿಗೆ, ಕಣ್ಣು ಮಂದವಾದ ಹಿರಿಯರಿಗೆ ಅದೇ ದಾರಿ. ಆದರೆ ಕಂಠ ನಟನೆಯ ಅರ್ಧ ಪಾಲು. ‘ಸೆವೆನ್ ಸಮುರಾಯ್’ ಚಿತ್ರದ ನಟ ಮಿಫುನೆಯ ಗುಡುಗನ್ನು ತೆಗೆದು ಇನ್ನೊಬ್ಬರ ದನಿ ಹಾಕಿದರೆ ನೀವು ನೋಡಿದ್ದು ಅರ್ಧ ಮಿಫುನೆ. ಮರಾಠಿ, ಹಿಂದಿ ಸಿನಿಮಾ ನೋಡುತ್ತ ಬೆಳೆದ ಸೊಲ್ಲಾಪುರದವರಿಗೆ ಪರಭಾಷೆಯ ದನಿ ಕಿವಿಗೆ ಹೊಸತೂ ಅಲ್ಲ. ಮೂರನೇ ದಾರಿಯೂ ಇದೆ: ಹೆಗ್ಗೋಡಿನ ನೀನಾಸಂನವರು ಹಳ್ಳಿಯವರಿಗೆ ಜಗತ್ತಿನ ಸಿನಿಮಾ ತೋರಿಸಿದ್ದು ಕನ್ನಡದಲ್ಲಿ ವಿವರಣೆ ಕೊಟ್ಟು. ಜಪಾನಿನಲ್ಲಿ ಮೂಕಿ ಕಾಲದಲ್ಲಿ ತೆರೆಯ ಪಕ್ಕ ನಿಂತು ಕತೆ ಹೇಳುವ ‘ಬೆನ್ಶಿ’ಗಳೇ ಇದ್ದರು.

ಪ್ರ: ಸಬ್‌ಟೈಟಲ್ ಮೊದಲು ಸರಿಯಿದ್ದು ಆಮೇಲೆ ಹಿಂದೆ ಬೀಳುತ್ತದೆ. ಎಷ್ಟು ಸರಿಮಾಡಿದರೂ ಮತ್ತೆ ಅದೇ. (ಮಡಕಶಿರಾ)

ಉ: ಮೊದಲಿಂದ ಕೊನೆಯವರೆಗೆ ಒಂದೇ ಅಂತರವಿದ್ದರೆ ಆರಂಭದ ಲಾಂಛನಗಳ ಉದ್ದ ಬೇರೆ, ವಿಎಲ್‌ಸಿಯಲ್ಲಿ ಜಿ ಒತ್ತಿದರೆ ಸಬ್‌ಟೈಟಲ್ ಬೇಗ, ಎಚ್ ಒತ್ತಿದರೆ ತಡ, ಒಂದೊಂದು ಸಲಕ್ಕೆ 50 ಮಿಲಿಸೆಕೆಂಡು. ನಡುವೆ ಒಮ್ಮೆಲೇ ಜಿಗಿದರೆ ನಿಮ್ಮ ಪ್ರತಿಯಲ್ಲಿ ದೃಶ್ಯ ಕತ್ತರಿಸಿದ್ದಾರೆ. ನಿಮ್ಮದು ಮೂರನೆಯದು: ಹೋದಂತೆ ಹೋದಂತೆ ಅಂತರ ಬೆಳೆಯುತ್ತಿದೆ, ಅಂದರೆ ಫ್ರೇಮುಗಳ (ಬಿಡಿ ಚಿತ್ರಗಳ) ವೇಗ ಹೊಂದಿಲ್ಲ. ಸಿನಿಮಾ ತೆಗೆಯುವುದು ಸೆಕೆಂಡಿಗೆ 24 ಫ್ರೇಮಿನಲ್ಲಿ. ಯುರೋಪಿನ ಟೀವಿಗೆ ಅದನ್ನೇ 25ರ ವೇಗದಲ್ಲಿ ಓಡಿಸುತ್ತಿದ್ದರು. 100 ನಿಮಿಷದ ಚಿತ್ರ 96ಕ್ಕೆ ಮುಗಿಯುತ್ತದೆ. 24ರ ಬದಲು ವಿಡಿಯೊದಲ್ಲಿ ಬಳಸುವ 23.976ಕ್ಕೆ ಮಾಡಿದ ಫೈಲನ್ನು ಅದಕ್ಕೆ ಹಾಕಿದರೆ ಗಂಟೆಗೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳುತ್ತದೆ. ‘ಸಬ್‌ಟೈಟಲ್ ಎಡಿಟ್’ ಎಂಬ ಉಚಿತ ತಂತ್ರಾಂಶದಲ್ಲಿ ಫ್ರೇಮ್ ವೇಗವನ್ನು 23.976ರಿಂದ 25ಕ್ಕೆ ಬದಲಿಸಿ. ವೇಗ ಎಷ್ಟೆಂದು ಗೊತ್ತಾಗದಿದ್ದರೆ ಮೊದಲ ಮಾತು, ಕೊನೆಯ ಮಾತು ಎರಡನ್ನೂ ಕೂಡಿಸಿ ಕೊಟ್ಟರೆ ನಡುವಿನದ್ದನ್ನು ಅದೇ ಹಂಚುತ್ತದೆ.

ಪ್ರ: ನಮ್ಮ ಗ್ರಂಥಾಲಯದ ಹಾಲಿನಲ್ಲಿ ತಿಂಗಳಿಗೊಂದು ಸಿನಿಮಾ ತೋರಿಸಬೇಕು. 50–60 ಜನ. ಎಂತೆಲ್ಲ ಬೇಕು? (ಮುಳ್ಳೇರಿಯ)

ಉ: ಪರದೆ 10 ಅಡಿ ಅಗಲ ಇದ್ದರೆ ಎತ್ತರ ಸುಮಾರು 5 ಅಡಿ 8 ಅಂಗುಲ, ಅಂದರೆ 56 ಚದರ ಅಡಿ. ಥಿಯೇಟರಿನ ಬೆಳಕು ಚದರ ಅಡಿಗೆ 14 ಲುಮೆನ್ (ಬೆಳಕಿನ ಅಳತೆ) ಲೆಕ್ಕ, ಒಟ್ಟು 800 ಆಯಿತು. ಇದು ಕಗ್ಗತ್ತಲೆಯ ಮಾತು. ಹೆಂಚಿನ ಸಂದಿ, ಕಿಟಕಿಯ ಬೆಳಕು ಇರುವಲ್ಲಿ ಸುಮಾರು ಎರಡು ಪಟ್ಟಾದರೂ ಬೇಕು. ಪ್ರೊಜೆಕ್ಟರಿನ ಪೆಟ್ಟಿಗೆಯ ಮೇಲೆ ಬರೆದ ಸಂಖ್ಯೆ ಹಸಿರು ಬಡಿಯುವ ಅತಿ ಪ್ರಕಾಶದ ಸ್ಥಿತಿಯದ್ದು. ಸಿನಿಮಾ ಸ್ಥಿತಿಗೆ ಇಟ್ಟರೆ ಅರ್ಧದ ಹತ್ತಿರಕ್ಕೆ ಇಳಿಯುವುದುಂಟು. ಆದ್ದರಿಂದ 3000 ಆನ್ಸಿ ಲುಮೆನ್‌ನದ್ದು ನೋಡಿ. ‘ಆನ್ಸಿ’ ಎಂಬ ಮಾತಿಲ್ಲದೆ 9000 ಎಂದು ಕೂಗುವ ಅಗ್ಗದ ಡಬ್ಬಿಗಳನ್ನು ಮುಟ್ಟಬೇಡಿ. ಕೈಪಿಡಿಯಲ್ಲಿ ಥ್ರೋ ಅನುಪಾತ 1.5 ಎಂದಿದ್ದರೆ 10 ಅಡಿ ಅಗಲಕ್ಕೆ 15 ಅಡಿ ದೂರ. ಪರದೆಯ ಕೆಳ ಅಂಚು ನೆಲದಿಂದ 4 ಅಡಿ ಮೇಲಿರಲಿ, ಇಲ್ಲದಿದ್ದರೆ ಹಿಂದಿನವರಿಗೆ ಸಬ್‌ಟೈಟಲಿನ ಬದಲು ಮುಂದಿನವರ ತಲೆ ಕಾಣುತ್ತದೆ. ಬಿಳಿ ಮುಂಡು ಕಟ್ಟಿದರೆ ಬೆಳಕು ಹಿಂದಕ್ಕೆ ಸೋರುತ್ತದೆ. ನಯವಾದ ಗೋಡೆಗೆ ಹೊಳಪಿಲ್ಲದ ಬಿಳಿ ಬಣ್ಣ ಬಳಿದರೆ ಅದಕ್ಕಿಂತ ಮೇಲು.

ಹಳೆಯ ಚಿತ್ರಗಳ ಚೌಕಟ್ಟು 1.37ಕ್ಕೆ 1. ಅದು ನಿಮ್ಮ ಪರದೆಯಲ್ಲಿ ಏಳೂಮುಕ್ಕಾಲು ಅಡಿ ಅಗಲವಷ್ಟೇ ಬರುತ್ತದೆ, ಇಕ್ಕೆಲ ಕಪ್ಪು. ‘ಖಾಲಿ ಬಿಡುವುದು ಯಾಕೆ’ ಎಂದು ಎಳೆದು ತುಂಬಿಸಿದರೆ ಎಲ್ಲರ ಮುಖವೂ ಕುಂಬಳಕಾಯಿ. ಟೀವಿಯಲ್ಲಿ ತೋರಿಸುವುದಾದರೆ ಚಲನೆ ನಯಗೊಳಿಸುವ ಸೌಲಭ್ಯವನ್ನು ನಿಲ್ಲಿಸಿಬಿಡಿ. ಅದು ಇಲ್ಲದ ಫ್ರೇಮುಗಳನ್ನು ಹುಟ್ಟಿಸಿ ಸಿನಿಮಾ ಟೀವಿ ಧಾರಾವಾಹಿಯಂತೆ ಕಾಣುವ ಹಾಗೆ ಮಾಡುತ್ತದೆ.

ಹೆಚ್ಚು ಕೆಡುವುದು ಸದ್ದು. ‘ಸಂಗೀತ ಗುಡುಗುತ್ತದೆ, ಮಾತು ಕೇಳುವುದಿಲ್ಲ’ ಎಂದರೆ 5.1 ಧ್ವನಿಯನ್ನು (ಆರು ವಾಹಿನಿಯದ್ದು) ಎರಡು ಬಾಕ್ಸಿಗೆ ಕೊಟ್ಟಿದ್ದೀರಿ, ಮಾತೆಲ್ಲ ಇರುವ ನಡುವಿನ ವಾಹಿನಿ ಎಲ್ಲೂ ಹೋಗುತ್ತಿಲ್ಲ. ಪ್ಲೇಯರಿನಲ್ಲಿ ಸ್ಟೀರಿಯೋಗೆ ಇಳಿಸಿ. ಬ್ಲೂಟೂತ್ ಬಾಕ್ಸ್ ಬೇಡ, ತುಟಿ ಮೊದಲು ಆಡಿ ಮಾತು ಆಮೇಲೆ ಬರುತ್ತದೆ. ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿನ ಪಕ್ಕ ಇಟ್ಟು, ಉದ್ದದ ತಂತಿಯನ್ನು ಸದ್ದಿಗೆ ಎಳೆಯಿರಿ. ಸಾದಾ ಎಚ್‌ಡಿಎಂಐ ತಂತಿ 15 ಮೀಟರ್ ದಾಟಿದರೆ ಚಿತ್ರ ಮಿಣುಕುತ್ತದೆ. ಲ್ಯಾಂಪ್ ಪ್ರೊಜೆಕ್ಟರಾದರೆ ಯುಪಿಎಸ್ ಕಡ್ಡಾಯ: ಕರೆಂಟು ಫಕ್ಕನೆ ಹೋದಾಗ ಫ್ಯಾನೂ ನಿಂತು ಬಿಸಿ ಲ್ಯಾಂಪ್ ಒಡೆಯಬಹುದು. ಜೂನ್–ಜುಲೈಯಲ್ಲಿ ಶೀಟಿನ ಮಾಡಿನ ಮೇಲೆ ಮಳೆ ಹೊಯ್ದರೆ ಯಾವ ಬಾಕ್ಸೂ ಸಾಲದು. ಆ ಎರಡು ತಿಂಗಳು ಬಸ್ಟರ್ ಕೀಟನ್ನನ ‘ದ ಜನರಲ್’ (1926) ಥರದ ಮೂಕಿ ಇಟ್ಟುಕೊಳ್ಳಿ.

ಪ್ರ: ಶಾಲೆಯಲ್ಲಿ ತೋರಿಸಲು ಅನುಮತಿ ಬೇಕೆ? ಒಟಿಟಿ ಚಂದಾ ಇದೆ. (ನೀರ್ಚಾಲು)

ಉ: ಮನೆಯ ಚಂದಾ ಮನೆಗೆ ಮಾತ್ರ, ಸಾರ್ವಜನಿಕ ಪ್ರದರ್ಶನಕ್ಕೆ ಅದರಲ್ಲಿ ಹಕ್ಕಿಲ್ಲ. ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಶಿಕ್ಷಣ ಸಂಸ್ಥೆಗೆ ಒಂದು ವಿನಾಯಿತಿ ಕೊಡುತ್ತದೆ: ಸಂಸ್ಥೆಯ ಚಟುವಟಿಕೆಯ ಭಾಗವಾಗಿ, ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು, ಸಂಸ್ಥೆಯ ಕೆಲಸಕ್ಕೆ ನೇರ ಸಂಬಂಧವಿರುವವರ ಎದುರು ಮಾತ್ರ. ಊರವರನ್ನೆಲ್ಲ ಕರೆದರೆ ವಿನಾಯಿತಿ ಇಲ್ಲ; ಟಿಕೆಟ್ ಇಡದಿದ್ದರೂ ಹಕ್ಕುದಾರರ ಒಪ್ಪಿಗೆ ಬೇಕು, ಸೆನ್ಸಾರ್ ಪ್ರಮಾಣಪತ್ರದ ವಿಚಾರವೂ ಬರುತ್ತದೆ. ಭಾರತದಲ್ಲಿ ಸಿನಿಮಾದ ಕೃತಿಸ್ವಾಮ್ಯ, ಪ್ರಕಟವಾದ ಮರುವರ್ಷದಿಂದ 60 ವರ್ಷ. ಆದರೆ ಅದರೊಳಗಿನ ಹಾಡು, ಸಂಗೀತ, ಮೂಲಕತೆಯ ಲೆಕ್ಕ ಬೇರೆ.

ಪ್ರ: ಆಸ್ಕರ್ ಬಾರದ ನಿರ್ದೇಶಕ ಕಮ್ಮಿಯವನೇ? (ಉಪ್ಪಳ)

ಉ: ಹಿಚ್‌ಕಾಕ್ ಐದು ಸಲ ಅತ್ಯುತ್ತಮ ನಿರ್ದೇಶಕನ ಪಟ್ಟಿಯಲ್ಲಿದ್ದ. ಒಮ್ಮೆಯೂ ಗೆಲ್ಲಲಿಲ್ಲ. ಇಂಗ್ಲಿಷ್ ಅಲ್ಲದ ಸಿನಿಮಾವೊಂದಕ್ಕೆ ಅತ್ಯುತ್ತಮ ಚಿತ್ರದ ಆಸ್ಕರ್ ಸಿಗಲು 2020ರಲ್ಲಿ ‘ಪ್ಯಾರಸೈಟ್’ ಬರಬೇಕಾಯಿತು.

ಪ್ರ: ಕನ್ನಡದ ‘ಸಂಸ್ಕಾರ’ದ (1970) ಕ್ಯಾಮೆರಾ ಹಿಡಿದವರು ವಿದೇಶಿಯಂತೆ, ಹೌದೆ? (ಪೆರ್ಲ)

ಉ: ಹೌದು, ಆಸ್ಟ್ರೇಲಿಯಾದ ಟಾಮ್ ಕೋವನ್. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿಯವರು ತೆಲುಗಿನವರು.